ವೈಟ್‌ಚಾಪೆಲ್‌ನ ನೆಲಮಾಳಿಗೆ: ಬಡವರ ಸಾಕುಪ್ರಾಣಿಗಳ ಧರ್ಮಚಿಕಿತ್ಸೆ, ಒಂದು ಪ್ರಕರಣ ಅಧ್ಯಯನ

1917ರ ನವೆಂಬರ್ 17ರಂದು ಲಂಡನ್ನಿನ ಪೂರ್ವಭಾಗದ ವೈಟ್‌ಚಾಪೆಲ್‌ನಲ್ಲಿ, ಪಾದ್ರಿಯೊಬ್ಬರು ಬಿಟ್ಟುಕೊಟ್ಟ ನೆಲಮಾಳಿಗೆಯಲ್ಲಿ ಒಂದು ದವಾಖಾನೆ ಬಾಗಿಲು ತೆರೆಯಿತು. ಹೊರಗೆ ಹಾಕಿದ್ದ ಫಲಕದಲ್ಲಿ ನಾಲ್ಕೇ ಮಾತುಗಳಿದ್ದವು: ಕಾಯಿಲೆ ಬಿದ್ದ ನಿಮ್ಮ ಪ್ರಾಣಿಗಳನ್ನು ಕರೆತನ್ನಿ, ಅವು ನರಳಲು ಬಿಡಬೇಡಿ, ಎಲ್ಲ ಪ್ರಾಣಿಗಳಿಗೂ ಚಿಕಿತ್ಸೆ ಉಂಟು, ಎಲ್ಲ ಚಿಕಿತ್ಸೆಯೂ ಉಚಿತ. ಅದನ್ನು ತೆರೆದವರು ಮರಿಯಾ ಡಿಕಿನ್ ಎಂಬ 47 ವರ್ಷದ ಮಹಿಳೆ. ಅವರು ಪಶುವೈದ್ಯಕೀಯ ಓದಿದವರಲ್ಲ. ಮೊದಲನೆಯ ಮಹಾಯುದ್ಧ ನಾಲ್ಕನೆಯ ವರ್ಷಕ್ಕೆ ಕಾಲಿಟ್ಟಿತ್ತು. ಅದೇ ವರ್ಷದ ಜೂನ್ 13ರಂದು ಜರ್ಮನ್ ವಿಮಾನಗಳು ಸಮೀಪದ ಪೊಪ್ಲರ್‌ನ ಶಾಲೆಯೊಂದರ ಮೇಲೆ ಹಾಕಿದ ಬಾಂಬಿಗೆ 18 ಮಕ್ಕಳು ಬಲಿಯಾಗಿದ್ದರು. ಮನುಷ್ಯರ ಊಟಕ್ಕೂ ಔಷಧಕ್ಕೂ ತತ್ವಾರವಿದ್ದ ಆ ಹೊತ್ತಿನಲ್ಲಿ ಬೆಕ್ಕು, ನಾಯಿ, ಕತ್ತೆಗಳಿಗಾಗಿ ದವಾಖಾನೆ ತೆರೆಯುವುದು ಸರಿಯೇ ಎಂದು ಕೇಳುವವರು ಖಂಡಿತ ಇದ್ದಿರಬೇಕು. ಆದರೆ ಆ ನೆಲಮಾಳಿಗೆಗೆ ಜನ ಮುಗಿಬಿದ್ದರು. ಸಾಲನ್ನು ಹತೋಟಿಗೆ ತರಲು ಪೊಲೀಸರು ಬರಬೇಕಾಯಿತು, ಸಂಸ್ಥೆ ಬೇಗನೆ ದೊಡ್ಡ ಜಾಗ ಹುಡುಕಿಕೊಳ್ಳಬೇಕಾಯಿತು.

ಮುಂದೆ ‘ಪೀಪಲ್ಸ್ ಡಿಸ್ಪೆನ್ಸರಿ ಫಾರ್ ಸಿಕ್ ಅನಿಮಲ್ಸ್ ಆಫ್ ದ ಪೂರ್’ ಎಂಬ ಹೆಸರು ಪಡೆದು, ಪಿಡಿಎಸ್‌ಎ ಎಂದು ಪ್ರಸಿದ್ಧವಾದ ಆ ಸಂಸ್ಥೆಯ ಮೊದಲ ಮೂರು ದಶಕಗಳನ್ನು ಈ ಬರಹ ಒಂದು ಪ್ರಕರಣವಾಗಿ ಪರಿಶೀಲಿಸುತ್ತದೆ. ಬಡವರ ಪ್ರಾಣಿಗಳಿಗೆ ಉಚಿತ ಚಿಕಿತ್ಸೆ ಕೊಟ್ಟ ಮೊದಲ ಸಂಸ್ಥೆ ಇದಲ್ಲ. ಇದನ್ನು ಆರಿಸಿಕೊಳ್ಳಲು ಕಾರಣ ಬೇರೆ. ಅದಕ್ಕೆ ಹಿಂದಿನ ನೂರು ವರ್ಷಗಳಲ್ಲಿ ಇಂಗ್ಲೆಂಡಿನ ಕಾನೂನಿಗಾಗಲಿ ದಾನಿಗಳಿಗಾಗಲಿ ಬಡವನ ಪ್ರಾಣಿ ಕಣ್ಣಿಗೆ ಬಿದ್ದಾಗಲೆಲ್ಲ ಆ ಬಡವ ಹೆಚ್ಚಾಗಿ ಆರೋಪಿಯ ಸ್ಥಾನದಲ್ಲಿಯೇ ನಿಂತಿದ್ದ. ವೈಟ್‌ಚಾಪೆಲ್‌ನ ಫಲಕ ಅವನನ್ನು ಆ ಪ್ರಾಣಿಯ ಪೋಷಕನೆಂದು ಕರೆದು ಮಾತನಾಡಿಸಿತು. ಹಾಗೆ ಕರೆದ ಮೇಲೆ ಚಿಕಿತ್ಸೆ ಕೊಡುವವರು ಯಾರು, ಅವರಿಗೆ ಯಾವ ಓದು ಇರಬೇಕು, ಹಣ ಎಲ್ಲಿಂದ ಬರಬೇಕು ಎಂಬ ಪ್ರಶ್ನೆಗಳು ಒಂದರ ಹಿಂದೆ ಒಂದು ಬಂದವು. ಅವುಗಳಲ್ಲಿ ಕೆಲವು ಇಂದಿಗೂ ಬಗೆಹರಿದಿಲ್ಲ.

ಹಿಂದಿನ ಪರಿಸ್ಥಿತಿ

ಪ್ರಾಣಿಹಿಂಸೆಯನ್ನು ತಡೆಯುವ ಮೊದಲ ಕಾಯ್ದೆಯನ್ನು ಬ್ರಿಟಿಷ್ ಸಂಸತ್ತು 1822ರಲ್ಲಿ ಅಂಗೀಕರಿಸಿತು. ಅದನ್ನು ಮಂಡಿಸಿದ ರಿಚರ್ಡ್ ಮಾರ್ಟಿನ್ ಅವರ ಹೆಸರಿನಿಂದಲೇ ಅದು ಗುರುತಾಯಿತು. ಎರಡು ವರ್ಷದ ನಂತರ, 1824ರಲ್ಲಿ, ಪ್ರಾಣಿಹಿಂಸೆ ತಡೆಯುವ ಸಂಘ ಹುಟ್ಟಿತು. 1840ರಲ್ಲಿ ರಾಣಿಯ ಅನುಗ್ರಹ ದೊರೆತ ಮೇಲೆ ಅದು ಆರ್‌ಎಸ್‌ಪಿಸಿಎ ಆಯಿತು. ಸಂಘದ ಇನ್‌ಸ್ಪೆಕ್ಟರುಗಳು ಬೀದಿಗಿಳಿದು, ಕುಂಟುವ ಕುದುರೆಯನ್ನು ಹೊಡೆದು ಓಡಿಸುವ ಗಾಡಿಯವನನ್ನೂ ಬೆನ್ನು ಹುಣ್ಣಾದ ಕತ್ತೆಯ ಮೇಲೆ ಹೇರು ಹೇರುವ ತರಕಾರಿಯವನನ್ನೂ ಹಿಡಿದು ನ್ಯಾಯಾಲಯಕ್ಕೆ ತರುತ್ತಿದ್ದರು. ಈ ಕೆಲಸದ ಬೆಲೆಯನ್ನು ನಾನು ಕಡಿಮೆ ಮಾಡಿ ಹೇಳುತ್ತಿಲ್ಲ. ಆ ಕಾಯ್ದೆಯಿಲ್ಲದಿದ್ದರೆ ಮೂಕಜೀವಿಯ ನೋವು ನ್ಯಾಯಾಲಯದ ಕಿವಿಗೆ ಬೀಳುತ್ತಲೇ ಇರಲಿಲ್ಲ. ಆದರೆ ದಂಡ ತೆತ್ತು ಮನೆಗೆ ಮರಳಿದ ಗಾಡಿಯವನ ಕುದುರೆಯ ಕಾಲು ಮಾರನೆಯ ದಿನವೂ ಕುಂಟುತ್ತಲೇ ಇರುತ್ತಿತ್ತು. ಅದಕ್ಕೆ ಔಷಧ ಹಾಕಿಸಲು ಬೇಕಾದ ದುಡ್ಡು ದಂಡಕ್ಕೆ ಹೋಗಿರುತ್ತಿತ್ತು.

ಚಿಕಿತ್ಸೆಯ ಕಡೆಯಿಂದ ನಡೆದ ಪ್ರಯತ್ನಗಳಲ್ಲಿ ಬ್ರೌನ್ ಇನ್‌ಸ್ಟಿಟ್ಯೂಷನ್ನಿನ ಕಥೆ ಗಮನಾರ್ಹ. ಡಬ್ಲಿನ್ ಕಡೆಯ ಥಾಮಸ್ ಬ್ರೌನ್ ಎಂಬ ಸಿರಿವಂತರು ತಮ್ಮ ಉಯಿಲಿನಲ್ಲಿ ಲಂಡನ್ ವಿಶ್ವವಿದ್ಯಾಲಯಕ್ಕೆ ಹಣ ಬಿಟ್ಟುಹೋಗಿ, ಮನುಷ್ಯನಿಗೆ ಉಪಯುಕ್ತವಾದ ನಾಲ್ಕು ಕಾಲಿನ ಪ್ರಾಣಿಗಳ ಮತ್ತು ಪಕ್ಷಿಗಳ ರೋಗಗಳನ್ನು ಅಧ್ಯಯನ ಮಾಡಿ, ತಗಲುವ ಖರ್ಚಿನ ಹೊರತು ಬೇರೇನನ್ನೂ ಪಡೆಯದೆ ಗುಣಪಡಿಸುವ ಸಂಸ್ಥೆಯೊಂದನ್ನು ಕಟ್ಟಬೇಕೆಂದು ಷರತ್ತು ಹಾಕಿದ್ದರು. ಅದರಂತೆ 1871ರಲ್ಲಿ ಲಂಡನ್ನಿನ ವಾಕ್ಸ್‌ಹಾಲ್‌ನಲ್ಲಿ ಸಂಸ್ಥೆ ಆರಂಭವಾಯಿತು. ಬಡವರ ಕುದುರೆ, ನಾಯಿಗಳಿಗೆ ಅಲ್ಲಿ ಚಿಕಿತ್ಸೆ ಸಿಗುತ್ತಿತ್ತು. ಆದರೆ ಅದೇ ಆವರಣದ ಪ್ರಯೋಗಾಲಯದಲ್ಲಿ ಜೀವಂತ ಪ್ರಾಣಿಗಳ ಮೇಲೆ ಪ್ರಯೋಗಗಳೂ ನಡೆಯುತ್ತಿದ್ದವು. ವಿಕ್ಟರ್ ಹಾರ್ಸ್‌ಲಿ, ಮುಂದೆ ನೊಬೆಲ್ ಪಡೆದ ಚಾರ್ಲ್ಸ್ ಶೆರಿಂಗ್ಟನ್ ಅಂಥವರು ಅದರ ಮುಖ್ಯಸ್ಥರಾಗಿದ್ದುದರಿಂದ ಶರೀರವಿಜ್ಞಾನಕ್ಕೆ ಅಲ್ಲಿಂದ ದೊಡ್ಡ ಲಾಭವಾಯಿತು, ಪ್ರಾಣಿಪ್ರೇಮಿಗಳ ಸಿಟ್ಟೂ ಅಷ್ಟೇ ದೊಡ್ಡದಾಯಿತು. ಉಯಿಲಿನ ‘ಮನುಷ್ಯನಿಗೆ ಉಪಯುಕ್ತವಾದ’ ಎಂಬ ಮಾತನ್ನು ಗಮನಿಸಬೇಕು. ದುಡಿಯುವ ಅಥವಾ ಹಾಲು, ಮಾಂಸ ಕೊಡುವ ಪ್ರಾಣಿ ಎಂಬ ಅರ್ಥ ಅದರೊಳಗೆ ಕುಳಿತಿದೆ. ಮುದುಕಿಯೊಬ್ಬಳು ಮಡಿಲಲ್ಲಿಟ್ಟುಕೊಂಡು ಬಂದ ಬೆಕ್ಕಿಗೆ ಆ ವಾಕ್ಯದಲ್ಲಿ ಎಷ್ಟು ಜಾಗವಿದೆ ಎಂಬುದನ್ನು ಓದುವವನ ಮನಸ್ಸೇ ತೀರ್ಮಾನಿಸಬೇಕು.

ಲಂಡನ್ನಿನ ರಾಯಲ್ ವೆಟರಿನರಿ ಕಾಲೇಜು ಕೂಡ ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಬಡವರ ಪ್ರಾಣಿಗಳಿಗೆ ಹೊರರೋಗಿ ವಿಭಾಗವನ್ನು ನಡೆಸಿತು. ಕಲಿಯುವ ಹುಡುಗರಿಗೆ ಪ್ರಾಣಿಗಳು ಬೇಕಿದ್ದವು, ಬಡವರಿಗೆ ಚಿಕಿತ್ಸೆ ಬೇಕಿತ್ತು. 1897ರಲ್ಲಿ ಹುಟ್ಟಿದ ‘ಅವರ್ ಡಂಬ್ ಫ್ರೆಂಡ್ಸ್ ಲೀಗ್’, ಅಂದರೆ ಇಂದಿನ ಬ್ಲೂ ಕ್ರಾಸ್, 1906ರ ಮೇ ತಿಂಗಳಲ್ಲಿ ಲಂಡನ್ನಿನ ವಿಕ್ಟೋರಿಯಾ ಪ್ರದೇಶದಲ್ಲಿ, ವೈದ್ಯರ ಶುಲ್ಕ ಕೊಡಲಾರದವರ ಪ್ರಾಣಿಗಳಿಗೆಂದೇ ಆಸ್ಪತ್ರೆ ತೆರೆಯಿತು. ಡಿಕಿನ್ ಅವರು ಹೆಜ್ಜೆ ಇಡುವ ಮೊದಲೇ ಹಾದಿ ಇತ್ತು ಎನ್ನುವುದಕ್ಕೆ ಇಷ್ಟು ಸಾಕು. ಆದರೆ ಇವೆಲ್ಲ ಒಂದೊಂದು ಕಟ್ಟಡಗಳು. ಕಾಲು ಮುರಿದ ನಾಯಿಯನ್ನು ಎತ್ತಿಕೊಂಡು ವೈಟ್‌ಚಾಪೆಲ್‌ನಿಂದ ವಿಕ್ಟೋರಿಯಾಕ್ಕೆ ಹೋಗಿಬರುವುದೆಂದರೆ ಕೂಲಿಯವನಿಗೆ ಒಂದು ದಿನದ ಸಂಬಳ ಹೋದಂತೆ.

ಪೂರ್ವ ಲಂಡನ್ನಿನ ಲೆಕ್ಕ

ಬಡವರಿಗೆ ಸಾಕುಪ್ರಾಣಿ ಏಕೆ ಬೇಕು ಎಂಬ ಪ್ರಶ್ನೆಯನ್ನು ಉಳ್ಳವರು ಅಂದೂ ಕೇಳುತ್ತಿದ್ದರು, ಇಂದೂ ಕೇಳುತ್ತಾರೆ. ಆ ಪ್ರಶ್ನೆಗೆ ಉತ್ತರಿಸುವ ಮೊದಲು ಪೂರ್ವ ಲಂಡನ್ನಿನ ಒಂದು ಮನೆಯೊಳಗೆ ಇಣುಕಬೇಕು. ಒಂದೋ ಎರಡೋ ಕೋಣೆಯಲ್ಲಿ ಒಂದು ಸಂಸಾರ. ಇಲಿಗಳ ಕಾಟ ತಪ್ಪಿಸಲು ಒಂದು ಬೆಕ್ಕು. ಹಿತ್ತಲಿನ ಗೇಣಗಲ ಜಾಗದಲ್ಲಿ ಭಾನುವಾರದ ಊಟಕ್ಕೆಂದು ಸಾಕಿದ ಒಂದೆರಡು ಮೊಲ ಅಥವಾ ಕೋಳಿ. ಕಿಟಕಿಗೆ ತೂಗುಹಾಕಿದ ಪಂಜರದಲ್ಲಿ ಹಾಡುವ ಹಕ್ಕಿ. ಬೆತ್ನಲ್ ಗ್ರೀನ್‌ನ ಕ್ಲಬ್ ರೋ ಬೀದಿಯಲ್ಲಿ ನಡೆಯುತ್ತಿದ್ದ ಪ್ರಾಣಿ ಪಕ್ಷಿಗಳ ಸಂತೆ ಇಂಥ ಮನೆಗಳನ್ನೇ ನಂಬಿಕೊಂಡಿತ್ತು. ಬೀದಿಯಲ್ಲಿ ಹಣ್ಣು, ತರಕಾರಿ, ಮೀನು ಮಾರುವವನ ಮನೆಯಲ್ಲಾದರೆ ಒಂದು ಕತ್ತೆಯೋ ಪುಟ್ಟ ಕುದುರೆಯೋ ಇರುತ್ತಿತ್ತು. ಅದು ಮಲಗಿತೆಂದರೆ ಮನೆಯ ಒಲೆಯೂ ಮಲಗಿತೆಂದೇ ಲೆಕ್ಕ. ಹೀಗಾಗಿ ಸಾಕುಪ್ರಾಣಿ ಮತ್ತು ದುಡಿಯುವ ಪ್ರಾಣಿ ಎಂದು ಇಂದು ನಾವು ಎಳೆಯುವ ಗೆರೆ ಆ ಮನೆಗಳಲ್ಲಿ ಇರಲೇ ಇಲ್ಲ.

ಈಗ ದುಡ್ಡಿನ ಮಾತು. ಲಂಡನ್ನಿನ ಬಡತನವನ್ನು ಬೀದಿಬೀದಿಯಾಗಿ ಅಳೆದ ಚಾರ್ಲ್ಸ್ ಬೂತ್ ಅವರು 1880ರ ದಶಕದ ಕೊನೆಯಲ್ಲಿ, ಮಧ್ಯಮ ಗಾತ್ರದ ಸಂಸಾರಕ್ಕೆ ವಾರಕ್ಕೆ 18ರಿಂದ 21 ಷಿಲಿಂಗ್ ಆದಾಯವಿದ್ದರೆ ಅದನ್ನು ಬಡ ಕುಟುಂಬವೆಂದು ಎಣಿಸಿದ್ದರು. ನಾಯಿ ಸಾಕಲು ಸರ್ಕಾರಕ್ಕೆ ಕಟ್ಟಬೇಕಿದ್ದ ವಾರ್ಷಿಕ ಲೈಸೆನ್ಸ್ ಶುಲ್ಕವೊಂದೇ 1878ರಿಂದ 7 ಷಿಲಿಂಗ್ 6 ಪೆನ್ಸ್ ಇತ್ತು. ಅಂದರೆ ಅಂಥ ಸಂಸಾರದ ಒಂದು ವಾರದ ಆದಾಯದಲ್ಲಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು. ನಾಯಿಯನ್ನು ಕಾನೂನುಬದ್ಧವಾಗಿ ಇಟ್ಟುಕೊಳ್ಳುವುದಕ್ಕೇ ಇಷ್ಟು ತೆತ್ತವನು ಅದಕ್ಕೆ ರೋಗ ಬಂದಾಗ ವೈದ್ಯರ ಶುಲ್ಕವನ್ನೂ ಔಷಧದ ಬೆಲೆಯನ್ನೂ ಎಲ್ಲಿಂದ ತರಬೇಕು? ಅವನ ಮುಂದೆ ಇದ್ದ ದಾರಿಗಳು ಕೆಲವೇ. ಪಕ್ಕದ ಬೀದಿಯ ಲಾಳ ಕಟ್ಟುವವನನ್ನೋ ಔಷಧದಂಗಡಿಯವನನ್ನೋ ಕೇಳಿ ಏನಾದರೂ ಹಚ್ಚುವುದು, ತಾನಾಗಿ ವಾಸಿಯಾಗಲೆಂದು ಬಿಡುವುದು, ಇಲ್ಲವೇ ನೀರಿನಲ್ಲಿ ಮುಳುಗಿಸಿ ಕೊಲ್ಲುವುದು. ಇವುಗಳಲ್ಲಿ ಕೊನೆಯ ಎರಡನ್ನು ನೋಡಿದ ಹೊರಗಿನವರು ಬಡವರು ಕಟುಕರು ಎಂದು ತೀರ್ಮಾನಿಸಿಬಿಡುತ್ತಿದ್ದರು.

ಡಿಕಿನ್ ಅವರು ಕಂಡದ್ದು

ಮರಿಯಾ ಎಲಿಸಬೆತ್ ಡಿಕಿನ್ 1870ರ ಸೆಪ್ಟೆಂಬರ್ 22ರಂದು ಲಂಡನ್ನಿನಲ್ಲಿಯೇ ಹುಟ್ಟಿದವರು. ಎಂಟು ಮಕ್ಕಳಲ್ಲಿ ಹಿರಿಯವರು, ತಂದೆ ಮೆಥಡಿಸ್ಟ್ ಪಂಥದ ಬೋಧಕರು. ಮದುವೆಗೆ ಮುಂಚೆ ವಿಂಪೋಲ್ ಬೀದಿಯಲ್ಲಿ ಕಂಠ ತರಬೇತಿ ಕೇಂದ್ರ ನಡೆಸಿ ಸ್ವಂತವಾಗಿ ಸಂಪಾದಿಸುತ್ತಿದ್ದರು. 1899ರಲ್ಲಿ ಲೆಕ್ಕಪರಿಶೋಧಕರಾಗಿದ್ದ ಆರ್ನಲ್ಡ್ ಡಿಕಿನ್ ಅವರನ್ನು ಮದುವೆಯಾದ ಮೇಲೆ, ಆ ಕಾಲದ ಅನುಕೂಲಸ್ಥ ಮನೆತನಗಳ ಮಹಿಳೆಯರಂತೆ, ಪೂರ್ವ ಲಂಡನ್ನಿನ ಬಡವರ ಮನೆಗಳಿಗೆ ಭೇಟಿ ಕೊಡುವ ಸೇವಾಕಾರ್ಯಕ್ಕೆ ತೊಡಗಿದರು. ಅವರು ಹೋದದ್ದು ಮನುಷ್ಯರನ್ನು ನೋಡಲು. ಅವರ ಕಣ್ಣಿಗೆ ಬಿದ್ದದ್ದು ಮೈಯೆಲ್ಲ ಕಜ್ಜಿಯಾಗಿ ತೊಗಲು ಕಿತ್ತುಬಂದ ನಾಯಿಗಳು, ಮುರಿದ ಕಾಲನ್ನು ಎಳೆದುಕೊಂಡು ಚರಂಡಿಯಲ್ಲಿ ಆಹಾರ ಹುಡುಕುತ್ತಿದ್ದ ಬೆಕ್ಕುಗಳು.

ಅದೇ ಬೀದಿಗಳಲ್ಲಿ ಅದೇ ಪ್ರಾಣಿಗಳನ್ನು ಅದಕ್ಕೂ ಮೊದಲು ನೂರಾರು ದಾನಿಗಳು ಕಂಡಿದ್ದರು, ಕನಿಕರವನ್ನೂ ಪಟ್ಟಿದ್ದರು. ಡಿಕಿನ್ ಅವರು ಅದರ ಜೊತೆಗೆ ಇನ್ನೊಂದನ್ನು ಕಂಡರು. ಈ ನೋವಿನ ಹಿಂದೆ ಇರುವುದು ಕ್ರೌರ್ಯ ಎನ್ನುವುದಕ್ಕಿಂತ ಕೈಯಲ್ಲಿ ಕಾಸಿಲ್ಲದಿರುವುದು ಮತ್ತು ತಿಳಿವಳಿಕೆ ಕೊಡುವವರಿಲ್ಲದಿರುವುದು ಎಂದು ಅವರು ನಂಬಿದರು. ಈ ನಂಬಿಕೆ ಸರಿಯೇ ಎಂಬುದಕ್ಕೆ ಪರೀಕ್ಷೆ ಒಂದೇ ಇತ್ತು: ಬೆಲೆ ಎಂಬ ಅಡ್ಡಿಯನ್ನು ತೆಗೆದುಹಾಕಿ ಜನ ಬರುತ್ತಾರೋ ಇಲ್ಲವೋ ಎಂದು ನೋಡುವುದು. ನೆಲಮಾಳಿಗೆಯ ಮುಂದೆ ನಿಂತ ಸಾಲು ಆ ಪರೀಕ್ಷೆಯ ಫಲಿತಾಂಶ. ಮೆಟ್ಟಿಲಿಳಿದು ಬಂದವರು ಬೆಕ್ಕನ್ನು ಶಾಲಿನಲ್ಲಿಯೋ ಬುಟ್ಟಿಯಲ್ಲಿಯೋ ತಂದರು. ತಳ್ಳುಗಾಡಿಗಳ ವ್ಯಾಪಾರಿಗಳು ಕತ್ತೆಯನ್ನು ಹಗ್ಗ ಹಿಡಿದು ಬೀದಿಯಲ್ಲಿ ನಿಲ್ಲಿಸಿ ಕರೆದರು. ನಮ್ಮ ತಾಲ್ಲೂಕು ಪಶು ಆಸ್ಪತ್ರೆಯ ಅಂಗಳದಲ್ಲಿ ಜ್ವರ ಬಂದ ಹಸುವಿನ ಹಗ್ಗ ಹಿಡಿದು, ಅದರ ಗಂಗೆದೊಗಲನ್ನು ನೀವುತ್ತ, ಡಾಕ್ಟರ ಬೈಕಿನ ಸದ್ದಿಗೆ ಕಿವಿಗೊಟ್ಟು ಕೂತವರನ್ನು ನೋಡಿದ ಕನ್ನಡಿಗರಿಗೆ ಆ ಸಾಲಿನ ಮುಖಗಳನ್ನು ಊಹಿಸಿಕೊಳ್ಳುವುದು ಕಷ್ಟವಾಗಲಾರದು.

ದವಾಖಾನೆಯಲ್ಲಿ ಶುಲ್ಕವಿರಲಿಲ್ಲ, ಹುಂಡಿ ಇತ್ತು. ಕೈಲಾದವರು ಕೈಲಾದಷ್ಟು ಹಾಕಬಹುದಿತ್ತು. 1921ರ ಹೊತ್ತಿಗೆ ಡಿಕಿನ್ ಅವರು ಕುದುರೆ ಎಳೆಯುವ ಸಂಚಾರಿ ದವಾಖಾನೆಯೊಂದನ್ನು ತಾವೇ ಯೋಚಿಸಿ ಸಿದ್ಧಪಡಿಸಿದರು. ಅಲೆಮಾರಿಗಳ ಮನೆಗಾಡಿಯ ಮಾದರಿಯ ಆ ಗಾಡಿ ಊರೂರಿಗೆ ಹೋಗಿ ನಿಂತಲ್ಲಿ ಚಿಕಿತ್ಸೆ ಕೊಟ್ಟಿತು. ಅದು ನಿಂತ ಊರುಗಳಲ್ಲಿ ಕೆಲವೆಡೆ ಕಾಯಂ ದವಾಖಾನೆಗಳು ಎದ್ದವು, ಮುಂದೆ ಕುದುರೆಗಾಡಿಯ ಜಾಗಕ್ಕೆ ಮೋಟಾರು ಗಾಡಿಗಳು ಬಂದವು. 1928ರಲ್ಲಿ ಪೂರ್ವ ಲಂಡನ್ನಿನ ಅಂಚಿನ ಇಲ್ಫರ್ಡ್‌ನಲ್ಲಿ ಒಳರೋಗಿ ಪ್ರಾಣಿಗಳಿಗೆ ಆರೋಗ್ಯಧಾಮ ತೆರೆಯಿತು. ದಕ್ಷಿಣ ಆಫ್ರಿಕಾ, ಈಜಿಪ್ಟ್, ಮೊರಾಕೊಗಳವರೆಗೂ ಕೆಲಸ ಹಬ್ಬಿತು. 1934ರಲ್ಲಿ ಮಕ್ಕಳಿಗಾಗಿ ‘ಬಿಜಿ ಬೀಸ್’ ಎಂಬ ಸಂಘ ಹುಟ್ಟಿ, ಪ್ರಾಣಿ ಸಾಕುವ ಬಗೆಯನ್ನು ಕಲಿಸುತ್ತ ದವಾಖಾನೆಗೆ ಹಣವನ್ನೂ ಕೂಡಿಸಿತು. ಡಿಕಿನ್ ಅವರ ನಂತರ ಆ ಸಂಘದ ‘ರಾಣಿಜೇನು’ ಆದವರು ನಮ್ಮ ಮಕ್ಕಳಿಗೂ ಪರಿಚಿತರಾದ ಲೇಖಕಿ ಎನಿಡ್ ಬ್ಲೈಟನ್.

ಓದಿದವರ ತಕರಾರು

ಈ ಬೆಳವಣಿಗೆಯ ಮಧ್ಯದಲ್ಲಿ ಒಂದು ದೊಡ್ಡ ಜಗಳವಿತ್ತು. ಅದನ್ನು ಬಿಟ್ಟು ಈ ಪ್ರಕರಣವನ್ನು ಹೇಳುವುದು ಅಪ್ರಾಮಾಣಿಕವಾಗುತ್ತದೆ. ಡಿಕಿನ್ ಅವರ ದವಾಖಾನೆಗಳಲ್ಲಿ ಚಿಕಿತ್ಸೆ ಕೊಡುತ್ತಿದ್ದವರಲ್ಲಿ ಬಹುಪಾಲು ಜನ ಪಶುವೈದ್ಯಕೀಯ ಪದವಿ ಪಡೆದವರಲ್ಲ. ಸಂಸ್ಥೆಯೇ ತರಬೇತಿ ಕೊಟ್ಟು ‘ತಾಂತ್ರಿಕ ಅಧಿಕಾರಿ’ ಎಂದು ಹೆಸರಿಟ್ಟು ನೇಮಿಸಿಕೊಂಡವರು. 1881ರ ಪಶುವೈದ್ಯರ ಕಾಯ್ದೆಯು ‘ಪಶುವೈದ್ಯ’ ಎಂಬ ಬಿರುದನ್ನು ನೋಂದಾಯಿತರಿಗೆ ಮೀಸಲಿಟ್ಟಿತ್ತೇ ಹೊರತು, ಬಿರುದು ಹಾಕಿಕೊಳ್ಳದೆ ಪ್ರಾಣಿಗೆ ಔಷಧ ಕೊಡುವವನನ್ನು ತಡೆದಿರಲಿಲ್ಲ. ಆದ್ದರಿಂದ ದವಾಖಾನೆಗಳು ಕಾನೂನು ಮುರಿಯಲಿಲ್ಲ. ಆದರೆ ವರ್ಷಗಟ್ಟಲೆ ಓದಿ ಪರೀಕ್ಷೆ ಕೊಟ್ಟು ಬಂದ ವೈದ್ಯರ ಕಣ್ಣಿಗೆ ಇದು ತಮ್ಮ ವಿದ್ಯೆಗೇ ಆದ ಅವಮಾನವಾಗಿ ಕಂಡಿತು.

ಅವರ ತಕರಾರನ್ನು ಹೊಟ್ಟೆಪಾಡಿನ ಹೊಟ್ಟೆಯುರಿ ಎಂದು ತಳ್ಳಿಹಾಕುವುದು ಸುಲಭ. ಅದರಲ್ಲಿ ಹೊಟ್ಟೆಪಾಡಿನ ಅಂಶವೂ ಇತ್ತು. ಹತ್ತೊಂಬತ್ತನೆಯ ಶತಮಾನದುದ್ದಕ್ಕೂ ಪಶುವೈದ್ಯರು ಬದುಕಿದ್ದು ಕುದುರೆಯಿಂದ. ಮಹಾಯುದ್ಧದ ನಂತರ ಮೋಟಾರು ಗಾಡಿಗಳು ನಗರದ ಕುದುರೆಗಳನ್ನು ಒಂದೊಂದಾಗಿ ಹೊರಗಟ್ಟಿದವು. ಅಲ್ಲಿಯತನಕ ನಾಯಿಬೆಕ್ಕಿನ ಚಿಕಿತ್ಸೆಯನ್ನು ಕೀಳು ಕೆಲಸವೆಂದು ಬಗೆದಿದ್ದ ವೃತ್ತಿ ಈಗ ಅದರ ಕಡೆಗೇ ತಿರುಗಬೇಕಾಯಿತು. ತಿರುಗಿ ನೋಡಿದಾಗ ಬಡ ಬಡಾವಣೆಗಳಲ್ಲಿ ಉಚಿತ ದವಾಖಾನೆಗಳು ಆಗಲೇ ಬೇರು ಬಿಟ್ಟಿದ್ದವು. ಶುಲ್ಕ ಕೊಡಬಲ್ಲವರೂ ಬಡವರ ವೇಷದಲ್ಲಿ ಸಾಲಿನಲ್ಲಿ ನಿಲ್ಲುತ್ತಾರೆ ಎಂಬ ದೂರು ಇಲ್ಲಿಂದ ಹುಟ್ಟಿತು.

ಆದರೆ ತಕರಾರಿನ ಇನ್ನೊಂದು ಭಾಗ ಗಟ್ಟಿಯಾದದ್ದು. ಹುಣ್ಣು ತೊಳೆದು ಪಟ್ಟಿ ಕಟ್ಟುವುದನ್ನು ಯಾರಿಗಾದರೂ ಕಲಿಸಬಹುದು. ಹೊಟ್ಟೆ ಸೀಳಿ ಶಸ್ತ್ರಚಿಕಿತ್ಸೆ ಮಾಡುವುದು, ಕ್ಲೋರೋಫಾರ್ಮ್ ಕೊಟ್ಟ ನಾಯಿಯ ಉಸಿರನ್ನು ಕಾಯುವುದು, ಹೊರಗಿನಿಂದ ಒಂದೇ ಬಗೆಯಾಗಿ ಕಾಣುವ ಎರಡು ರೋಗಗಳನ್ನು ಬೇರ್ಪಡಿಸುವುದು ಬೇರೆ ಮಾತು. 1919ರಲ್ಲಿ ಸಂಸತ್ತು ಕೆಲವು ಶಸ್ತ್ರಚಿಕಿತ್ಸೆಗಳಿಗೆ ಪ್ರಾಣಿಗಳಿಗೆ ಅರಿವಳಿಕೆ ಕೊಡುವುದನ್ನು ಕಡ್ಡಾಯ ಮಾಡಿದ ಮೇಲೆ ಈ ಪ್ರಶ್ನೆ ಇನ್ನಷ್ಟು ತೀಕ್ಷ್ಣವಾಯಿತು. ತಪ್ಪು ಚಿಕಿತ್ಸೆಯಿಂದ ನರಳುವ ಪ್ರಾಣಿಗೆ ತನಗೆ ಚಿಕಿತ್ಸೆ ಮಾಡಿದವನ ಸದುದ್ದೇಶ ಗೊತ್ತಾಗುವುದಿಲ್ಲ. ಬಡವನ ನಾಯಿಗೆ ಅರ್ಧ ಕಲಿತವನ ಕೈ ಸಾಕು ಎಂದು ಒಪ್ಪಿಕೊಂಡರೆ, ಅಲ್ಲಿಯೂ ಬಡವನಿಗೆ ಎರಡನೆಯ ದರ್ಜೆಯನ್ನೇ ಕೊಟ್ಟಂತಾಗುತ್ತದೆ ಎಂಬ ಮಾತನ್ನು ಡಿಕಿನ್ ಅವರನ್ನು ಮೆಚ್ಚುವ ನಾನೂ ತಳ್ಳಿಹಾಕಲಾರೆ.

ಸಂಸ್ಥೆಯ ಕಡೆಯ ಉತ್ತರ ಸರಳವಾಗಿತ್ತು: ಈ ಪ್ರಾಣಿಗಳು ತಮ್ಮಿಂದ ಚಿಕಿತ್ಸೆ ಪಡೆಯದಿದ್ದರೆ ಯಾರಿಂದಲೂ ಪಡೆಯುವುದಿಲ್ಲ. 1917ರ ಮಟ್ಟಿಗಂತೂ ಇದು ನಿಜ. ಪಶುವೈದ್ಯರಲ್ಲಿ ಗಣನೀಯ ಭಾಗ ಸೇನೆಯ ಕುದುರೆಗಳ ಸೇವೆಗೆ ಹೋಗಿತ್ತು, ಉಳಿದವರಲ್ಲಿ ವೈಟ್‌ಚಾಪೆಲ್‌ನ ಬಾಡಿಗೆ ಕೋಣೆಗಳ ಬೆಕ್ಕಿಗಾಗಿ ಬರುವವರು ಇರಲಿಲ್ಲ. ವಿದ್ಯಾವಂತರ ವಾದ ಸರಿಯಿದ್ದರೂ ಅವರು ಆ ವಾದವನ್ನು ನೆಲಮಾಳಿಗೆಯ ಮೆಟ್ಟಿಲಿಳಿದು ಬಂದು ಹೇಳಲಿಲ್ಲ ಎಂಬುದೇ ಆ ದಿನಗಳ ಕೊರತೆ. ಬಂದಿದ್ದರೆ ತಾಂತ್ರಿಕ ಅಧಿಕಾರಿ ಎಂಬ ಹುದ್ದೆಯೇ ಹುಟ್ಟುತ್ತಿರಲಿಲ್ಲವೇನೋ.

ಇನ್ನೊಂದು ಸಂಗತಿಯನ್ನು ಮರೆಯಬಾರದು. ಆಗ ಓದಿದವರ ಕೈಯಲ್ಲಿಯೂ ಬಲವಾದ ಔಷಧಗಳು ಹೆಚ್ಚಿರಲಿಲ್ಲ. ನಾಯಿಮರಿಗಳನ್ನು ಸಾಲುಸಾಲಾಗಿ ಕೊಲ್ಲುತ್ತಿದ್ದ ಡಿಸ್ಟೆಂಪರ್ ರೋಗಕ್ಕೆ ಲೇಡ್ಲಾ ಮತ್ತು ಡಂಕಿನ್ ಎಂಬ ಸಂಶೋಧಕರು ಲಸಿಕೆ ರೂಪಿಸಿದ್ದು 1920ರ ದಶಕದಲ್ಲಿ. ಪೆನಿಸಿಲಿನ್ ಇನ್ನೂ ದೂರವಿತ್ತು. ಹೀಗಾಗಿ ಬಡವರ ಪ್ರಾಣಿಗಳಿಗೆಂದು ಇದ್ದ ಯಾವುದೇ ಉಚಿತ ಕೇಂದ್ರದ ದಿನಚರಿಯಲ್ಲಿ ಗುಣವಾಗದ ಪ್ರಾಣಿಗೆ ನೋವಿಲ್ಲದ ಸಾವನ್ನು ಕೊಡುವುದೂ ಒಂದು ದೊಡ್ಡ ಕೆಲಸವಾಗಿತ್ತು. ಮನೆಯಲ್ಲಿ ಬಕೆಟ್ಟಿನ ನೀರಿಗಿಂತ ಅದು ಎಷ್ಟೋ ಮೇಲು ಎಂಬುದನ್ನು ಸಾಲಿನಲ್ಲಿ ನಿಂತವರು ಬಲ್ಲರು.

1939ರ ಸೆಪ್ಟೆಂಬರ್ ಮತ್ತು ಅದರ ನಂತರ

ಎರಡನೆಯ ಮಹಾಯುದ್ಧ ಶುರುವಾದ ವಾರ ಲಂಡನ್ನಿನಲ್ಲಿ ನಡೆದದ್ದು ಈ ಚರಿತ್ರೆಯ ಅತ್ಯಂತ ಕಹಿಯಾದ ಪುಟ. ವಾಯುದಾಳಿಯ ಹೊತ್ತಿನಲ್ಲಿ ಪ್ರಾಣಿಗಳನ್ನು ಏನು ಮಾಡಬೇಕೆಂದು ಯೋಚಿಸಲು ನೇಮಿಸಿದ್ದ ಸಮಿತಿಯೊಂದು, ಸಾಧ್ಯವಾದರೆ ಪ್ರಾಣಿಗಳನ್ನು ಹಳ್ಳಿಗೆ ಕಳಿಸಿ, ಆಗದಿದ್ದರೆ ಅವನ್ನು ನೋವಿಲ್ಲದಂತೆ ಕೊಲ್ಲಿಸುವುದೇ ದಯೆ ಎಂಬರ್ಥದ ಸಲಹೆಯನ್ನು ಜನರಿಗೆ ಹಂಚಿತ್ತು. ಅದು ಆದೇಶವಾಗಿರಲಿಲ್ಲ, ಸಲಹೆ ಮಾತ್ರ. ಒಂದು ಬಾಂಬೂ ಬೀಳದಿದ್ದ ಆ ಮೊದಲ ವಾರದಲ್ಲಿಯೇ ಲಂಡನ್ನಿನಲ್ಲಿ ಸುಮಾರು 4 ಲಕ್ಷ ನಾಯಿಬೆಕ್ಕುಗಳನ್ನು ಕೊಲ್ಲಿಸಲಾಯಿತು ಎಂಬುದು ಅಂದಾಜು. ಉಳ್ಳವರು, ಇಲ್ಲದವರು ಎಂಬ ಭೇದವಿಲ್ಲದೆ ಜನ ದವಾಖಾನೆಗಳ ಮುಂದೆ ಸಾಲುಗಟ್ಟಿದರು. ಇಪ್ಪತ್ತೆರಡು ವರ್ಷದ ಹಿಂದೆ ಬದುಕಿಸಿಕೊಡಿ ಎಂದು ಸಾಲು ನಿಂತಿದ್ದ ಜನರ ಊರಿನಲ್ಲಿ ಈಗ ಆರೋಗ್ಯವಂತ ಪ್ರಾಣಿಗಳನ್ನು ಎತ್ತಿಕೊಂಡು, ಇದನ್ನು ಮುಗಿಸಿಕೊಡಿ ಎಂದು ಸಾಲು ನಿಂತರು. ಪಿಡಿಎಸ್‌ಎ ಸಿಬ್ಬಂದಿಯೂ ಆ ಕೆಲಸವನ್ನು ಮಾಡಬೇಕಾಯಿತು. ಭಯಕ್ಕೆ ಸಿಕ್ಕಿದ ಜನರನ್ನು ದೂರುವ ಮನಸ್ಸು ನನಗಿಲ್ಲ. ಸಲಹೆ ಬರೆದವರು ಇನ್ನೊಂದು ಸಾಲು ಸೇರಿಸಿ, ಸ್ವಲ್ಪ ತಾಳಿ ಎಂದಿದ್ದರೆ ಎಷ್ಟೊಂದು ಜೀವಗಳು ಉಳಿಯುತ್ತಿದ್ದವು ಎಂಬ ಸಂಕಟ ಮಾತ್ರ ಆ ವಾರದ ಬಗ್ಗೆ ಓದುವಾಗಲೆಲ್ಲ ಕಾಡುತ್ತದೆ.

ಮುಂದಿನ ವರ್ಷ ಬಾಂಬುಗಳು ನಿಜಕ್ಕೂ ಬಿದ್ದಾಗ, ಸಂಸ್ಥೆಯ ರಕ್ಷಣಾ ತಂಡಗಳು ಕುಸಿದ ಮನೆಗಳ ಅವಶೇಷಗಳಲ್ಲಿ ಪ್ರಾಣಿಗಳನ್ನು ಹುಡುಕಿದವು. ಯುದ್ಧ ಮುಗಿಯುವ ಹೊತ್ತಿಗೆ ಹೀಗೆ ನೆರವು ಪಡೆದ ಪ್ರಾಣಿಗಳ ಸಂಖ್ಯೆ ಎರಡೂವರೆ ಲಕ್ಷವನ್ನು ದಾಟಿತ್ತು. ತಂಡವೊಂದರ ಜೊತೆ ಹೋಗುತ್ತಿದ್ದ ಬ್ಯೂಟಿ ಎಂಬ ಟೆರಿಯರ್ ನಾಯಿ ಯಾರೂ ಕಲಿಸದೆಯೇ ಅವಶೇಷ ಕೆದಕಲು ತೊಡಗಿ 63 ಪ್ರಾಣಿಗಳನ್ನು ಪತ್ತೆಮಾಡಿತು. 1940ರಲ್ಲಿ ಬಾಂಬ್ ದಾಳಿಯ ನಂತರ ಪೊಪ್ಲರ್‌ನಲ್ಲಿ ಹಸಿದು ಅಲೆಯುತ್ತಿದ್ದ ರಿಪ್ ಎಂಬ ಬೀದಿನಾಯಿಯನ್ನು ವಾಯುದಾಳಿ ಕಾವಲುಗಾರನೊಬ್ಬ ಸಾಕಿಕೊಂಡ. ತರಬೇತಿಯ ಗಂಧವೂ ಇಲ್ಲದ ಆ ನಾಯಿ ಮಣ್ಣಿನಡಿ ಸಿಕ್ಕಿಬಿದ್ದಿದ್ದ ನೂರಕ್ಕೂ ಹೆಚ್ಚು ಜನರನ್ನು ತೋರಿಸಿಕೊಟ್ಟಿತು. 1943ರಲ್ಲಿ ಡಿಕಿನ್ ಅವರು ಯುದ್ಧಕಾಲದ ಪ್ರಾಣಿಗಳ ಶೌರ್ಯಕ್ಕಾಗಿ ಸ್ಥಾಪಿಸಿದ ಪದಕವನ್ನು ಈ ಎರಡೂ ಪಡೆದವು. 1949ರವರೆಗೆ ಕೊಟ್ಟ 54 ಪದಕಗಳಲ್ಲಿ 32 ಪಾರಿವಾಳಗಳಿಗೆ, 18 ನಾಯಿಗಳಿಗೆ, 3 ಕುದುರೆಗಳಿಗೆ, ಒಂದು ಬೆಕ್ಕಿಗೆ ಸಂದವು. ಪದಕದ ಮೇಲೆ ‘ನಾವೂ ಸೇವೆ ಸಲ್ಲಿಸುತ್ತೇವೆ’ ಎಂದು ಕೆತ್ತಲಾಗಿದೆ. ಇಲ್ಫರ್ಡ್‌ನ ಪ್ರಾಣಿ ಸ್ಮಶಾನದಲ್ಲಿರುವ ರಿಪ್‌ನ ಕಲ್ಲಿನ ಮೇಲೂ ಅದೇ ಮಾತಿದೆ. ಪೂರ್ವ ಲಂಡನ್ನಿನ ಯಾರದೋ ಮನೆಯ ನಾಯಿ, ಆ ಮನೆ ಇಲ್ಲವಾದ ಮೇಲೆ ಊರಿನ ನಾಯಿಯಾಗಿ, ಅದೇ ಊರಿನ ಜನರನ್ನು ಮಣ್ಣಿನಿಂದ ಎತ್ತಿಸಿತು. ಬಡವರಿಗೆ ಪ್ರಾಣಿ ಏಕೆ ಬೇಕು ಎಂದು ಕೇಳುವವರನ್ನು ಆ ಕಲ್ಲಿನ ಮುಂದೆ ನಿಲ್ಲಿಸಬೇಕು ಎನಿಸುತ್ತದೆ.

1948ರ ಎರಡು ತೀರ್ಮಾನಗಳು

ಓದಿದವರ ಮತ್ತು ದವಾಖಾನೆಗಳ ಜಗಳಕ್ಕೆ ಯುದ್ಧದ ನಂತರ ಸಂಸತ್ತು ತೆರೆ ಎಳೆಯಿತು. 1948ರ ಪಶುವೈದ್ಯರ ಕಾಯ್ದೆಯು, ನೋಂದಾಯಿತರಲ್ಲದವರು ಪಶುವೈದ್ಯ ವೃತ್ತಿ ನಡೆಸುವುದನ್ನೇ ನಿಷೇಧಿಸಿತು. ಆದರೆ ಬಹುಕಾಲದಿಂದ ಅದನ್ನೇ ನಂಬಿ ಬದುಕಿದವರಿಗೆ ಪೂರಕ ಪಟ್ಟಿಯೊಂದನ್ನೂ, ಉಚಿತ ಚಿಕಿತ್ಸೆ ಕೊಡುವ ಸಂಸ್ಥೆಗಳ ಅನುಭವಿ ನೌಕರರಿಗೆ ಷರತ್ತಿನ ಅನುಮತಿಯನ್ನೂ ಇಟ್ಟಿತು. ಇದ್ದವರು ಇರಲಿ, ಮುಂದೆ ಬರುವವರು ಓದಿಯೇ ಬರಲಿ ಎಂಬುದು ಅದರ ಆಶಯ. ಕಾಲಕ್ರಮದಲ್ಲಿ ಪಿಡಿಎಸ್‌ಎ ಆಸ್ಪತ್ರೆಗಳಲ್ಲಿ ಪದವೀಧರ ಪಶುವೈದ್ಯರೇ ತುಂಬಿದರು. ಸಂಸ್ಥೆಯ ಉದ್ದೇಶಗಳನ್ನು ನಿರ್ಧರಿಸಲು 1949 ಮತ್ತು 1956ರಲ್ಲಿ ಸಂಸತ್ತು ಅದಕ್ಕೆಂದೇ ಪ್ರತ್ಯೇಕ ಕಾಯ್ದೆಗಳನ್ನು ಮಾಡಿತು. ಪದವಿಯ ವಿಚಾರದಲ್ಲಿ ಗೆದ್ದವರು ವೈದ್ಯರು. ಅವರು ಗೆದ್ದದ್ದು ಬಡವರ ಪ್ರಾಣಿಗಳಿಗೆ ಒಳ್ಳೆಯದೇ ಆಯಿತು. ಅದೇ ಬಗೆಯ ರಾಜಿಯನ್ನು ನಮ್ಮ ದೇಶದ 1984ರ ಪಶುವೈದ್ಯ ಪರಿಷತ್ ಕಾಯ್ದೆಯಲ್ಲಿಯೂ ಕಾಣಬಹುದು. ಅಲ್ಲಿ ಚಿಕಿತ್ಸೆಯ ಹಕ್ಕು ನೋಂದಾಯಿತ ವೈದ್ಯರದು, ಆದರೆ ಅವರ ಮೇಲ್ವಿಚಾರಣೆಯಲ್ಲಿ ಸಣ್ಣಪುಟ್ಟ ಸೇವೆಗಳನ್ನು ಕೊಡಲು ತರಬೇತಿ ಪಡೆದ ಇತರರಿಗೆ ರಾಜ್ಯಗಳು ಅವಕಾಶ ಕೊಡಬಹುದು.

ಅದೇ 1948ರ ಜುಲೈ 5ರಂದು ಬ್ರಿಟನ್ನಿನಲ್ಲಿ ರಾಷ್ಟ್ರೀಯ ಆರೋಗ್ಯ ಸೇವೆ ಆರಂಭವಾಯಿತು. ಅಂದಿನಿಂದ ವೈಟ್‌ಚಾಪೆಲ್‌ನ ಬಡವ ತನ್ನ ಮಗುವನ್ನು ಎತ್ತಿಕೊಂಡು ವೈದ್ಯರ ಬಳಿ ಹೋದಾಗ ಜೇಬು ಮುಟ್ಟಿ ನೋಡಿಕೊಳ್ಳಬೇಕಾಗಲಿಲ್ಲ. ಅವನ ನಾಯಿಯ ಮಟ್ಟಿಗೆ ಸರ್ಕಾರ, ಚಿಕಿತ್ಸೆ ಮಾಡುವವನು ಓದಿರಬೇಕು ಎಂದಷ್ಟೇ ಹೇಳಿ, ಆ ಓದಿದವನ ಶುಲ್ಕವನ್ನು ಯಾರು ಕೊಡಬೇಕು ಎಂಬುದನ್ನು ಹೇಳದೆ ಬಿಟ್ಟಿತು. ಈ ಎರಡು ಕಾನೂನುಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಡಿಕಿನ್ ಅವರ ಸಂಸ್ಥೆ ಇಂದಿಗೂ ಏಕೆ ಉಳಿದಿದೆ ಎಂಬುದು ಅರ್ಥವಾಗುತ್ತದೆ. ಮನುಷ್ಯರ ಧರ್ಮಾಸ್ಪತ್ರೆಗಳನ್ನು ಸರ್ಕಾರ ವಹಿಸಿಕೊಂಡಿತು, ಪ್ರಾಣಿಗಳ ಧರ್ಮಾಸ್ಪತ್ರೆಗಳು ದಾನಿಗಳ ಕೈಯಲ್ಲಿಯೇ ಉಳಿದವು. ಚಿಕಿತ್ಸೆಯ ಗುಣಮಟ್ಟ ಏರಿದಷ್ಟೂ ಅದರ ಖರ್ಚೂ ಏರಿತು. ಆ ಖರ್ಚು ಬಹುಮಟ್ಟಿಗೆ ಬಂದದ್ದು ತೀರಿಕೊಂಡವರು ಉಯಿಲಿನಲ್ಲಿ ಬಿಟ್ಟುಹೋದ ಹಣದಿಂದ ಮತ್ತು ಬದುಕಿರುವವರ ಸಣ್ಣ ಸಣ್ಣ ದಾನಗಳಿಂದ.

ಡಿಕಿನ್ ಅವರಿಗೆ 1929ರಲ್ಲಿ ಒಬಿಇ, 1948ರಲ್ಲಿ ಸಿಬಿಇ ಗೌರವಗಳು ಸಂದವು. ಅವರು 1951ರ ಮಾರ್ಚ್ 1ರಂದು ತೀರಿಕೊಂಡರು. ಸಂಸ್ಥೆಯ ಹೆಸರಿನ ಕೊನೆಯಲ್ಲಿದ್ದ ‘ಬಡವರ’ ಎಂಬ ಪದವನ್ನು ಮುಂದೆ ಕೈಬಿಡಲಾಯಿತು.

ಇಂದು ಬ್ರಿಟನ್ನಿನಾದ್ಯಂತ ಪಿಡಿಎಸ್‌ಎ ನಲವತ್ತಕ್ಕೂ ಹೆಚ್ಚು ಆಸ್ಪತ್ರೆಗಳನ್ನು ನಡೆಸುತ್ತಿದೆ. ಎಕ್ಸ್‌-ರೇ, ರಕ್ತಪರೀಕ್ಷೆ, ಶಸ್ತ್ರಚಿಕಿತ್ಸೆ ಎಲ್ಲವೂ ಅಲ್ಲಿ ಇವೆ, ಎಲ್ಲವನ್ನೂ ಓದಿದವರೇ ಮಾಡುತ್ತಾರೆ. ಖಾಸಗಿ ಪಶುವೈದ್ಯರ ಶುಲ್ಕ ಎಷ್ಟು ಏರಿದೆಯೆಂದರೆ ಅಲ್ಲಿನ ಸ್ಪರ್ಧಾ ಪ್ರಾಧಿಕಾರವು 2023ರಲ್ಲಿ ಆ ಮಾರುಕಟ್ಟೆಯ ಪರಿಶೀಲನೆ ಆರಂಭಿಸಿ, 2024ರಲ್ಲಿ ವಿಧ್ಯುಕ್ತ ತನಿಖೆಗೇ ಇಳಿಯಿತು. ಹಾಗಾಗಿ ಧರ್ಮಾಸ್ಪತ್ರೆಯ ಬಾಗಿಲಲ್ಲಿ ಸಾಲು ಇಂದಿಗೂ ಇದೆ. ಆದರೆ ಈಗ ಒಳಗೆ ಹೋಗುವ ಮೊದಲು ಆಸ್ಪತ್ರೆಯ ವ್ಯಾಪ್ತಿಯೊಳಗೆ ಮನೆಯಿದೆಯೆಂದೂ, ಕಡಿಮೆ ಆದಾಯದವರಿಗೆ ಸರ್ಕಾರ ಕೊಡುವ ಗೊತ್ತಾದ ನೆರವುಗಳಲ್ಲಿ ಒಂದನ್ನು ಪಡೆಯುತ್ತಿರುವುದಾಗಿಯೂ ತೋರಿಸಬೇಕು. ಉಚಿತ ದವಾಖಾನೆಯಲ್ಲಿ ಉಳ್ಳವರು ನುಸುಳುತ್ತಾರೆ ಎಂದು ಹಿಂದೆ ವೈದ್ಯರು ಎತ್ತಿದ್ದ ದೂರಿಗೆ ಸಿಕ್ಕ ಉತ್ತರ ಇದು. ಸೀಮಿತ ಹಣದಲ್ಲಿ ನಡೆಯುವ ಸಂಸ್ಥೆಗೆ ಬೇರೆ ದಾರಿ ಕಾಣುವುದಿಲ್ಲ ಎಂಬುದನ್ನು ಒಪ್ಪುತ್ತೇನೆ. ಆದರೂ ಸರ್ಕಾರದ ನೆರವಿನ ಗೆರೆಗಿಂತ ಒಂದಿಷ್ಟು ಮೇಲೆ ದುಡಿಯುವವನು, ವ್ಯಾಪ್ತಿಯಿಂದ ಎರಡು ಬೀದಿ ಆಚೆ ಇರುವವನು, ತನ್ನ ಬೆಕ್ಕನ್ನು ಬುಟ್ಟಿಯಲ್ಲಿಟ್ಟುಕೊಂಡು ಅದೇ ಬಾಗಿಲಿನ ಮುಂದೆ ನಿಂತಾಗ ಅವನಿಗೆ ಏನು ಹೇಳಬೇಕು ಎಂಬುದನ್ನು 1917ರ ಫಲಕ ಬರೆದವರು ಯೋಚಿಸಬೇಕಾಗಿರಲಿಲ್ಲ. ಆ ಫಲಕದಲ್ಲಿದ್ದ ನಾಲ್ಕು ಮಾತುಗಳಲ್ಲಿ ಎರಡು ಸಲ ಬಂದ ಪದ ‘ಎಲ್ಲ’.